ಗುಂಡಿ ಡಬ್ಬಿಯ ಮಾತ್ರೆಗಳು

ಆ ಹೊಲಿಗೆ ಕಾರ್ಖಾನೆಯಲ್ಲಿ ದೊಡ್ಡ ಕತ್ತರಿ ಒಬ್ಬಳ ಸ್ವತ್ತು. ಉಳಿದದ್ದೆಲ್ಲ ಎಲ್ಲರದು: ನೂಲು, ಸೂಜಿ, ಚಹಾ, ಚಾಡಿ. ತಲೆನೋವಿನ ಮಾತ್ರೆಯೂ ಅಷ್ಟೇ. ಕಿಟಕಿ ಮೇಲಿನ ಡಬ್ಬಿಯಲ್ಲಿ, ಕೋಟಿನ ಗುಂಡಿಗಳ ನಡುವೆ, ಯಾರ್ಯಾರೋ ತಂದು ಹಾಕಿದ ಮಾತ್ರೆಗಳಿರುತ್ತಿದ್ದವು. ತಲೆ ಸಿಡಿದವರು ಕೈ ಹಾಕಿ ಸಿಕ್ಕಿದ್ದನ್ನು ನುಂಗುತ್ತಿದ್ದರು.

ಹೆಚ್ಚು ಕೈ ಹಾಕುತ್ತಿದ್ದವಳು ಬಟ್ಟೆ ಕತ್ತರಿಸುವವಳೇ. ಎಲ್ಲರ ಬಾಯಲ್ಲಿ ಅವಳು ಕತ್ತರಿ ಅಕ್ಕ. ಅವಳಿಗೆ ಮೈಗ್ರೇನ್ ಇತ್ತು. ಬಂತೆಂದರೆ ಅರ್ಧ ತಲೆಗೆ ಸುತ್ತಿಗೆ ಪೆಟ್ಟು, ಬೆಳಕು ಕಂಡರೆ ಕಣ್ಣಿಗೆ ಸೂಜಿ ಚುಚ್ಚಿದಂತೆ, ವಾಂತಿ. ಡಾಕ್ಟರು ಪರೀಕ್ಷಿಸಿ, ನೋವು ಬಂದಾಗ ನುಂಗಲು ಒಂದು ಮಾತ್ರೆ ಬರೆದುಕೊಟ್ಟಿದ್ದರು. ಆದರೆ ಅಕ್ಕನದು ಕತ್ತರಿಯ ಬುದ್ಧಿ: ಒಳ್ಳೆಯ ಸರಕನ್ನು ಸುಮ್ಮನೆ ಮುಟ್ಟಬಾರದು, ಚೂರನ್ನೂ ಎಸೆಯಬಾರದು. ಹಾಗಾಗಿ ದಿನವೂ ಡಬ್ಬಿಯ ಮಾತ್ರೆ. ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾದಾಗ ಮಾತ್ರ ಡಾಕ್ಟರು ಕೊಟ್ಟದ್ದು, ಅದೂ ಮುರಿದು ಅರ್ಧ.

ಅಂಥ ಒಂದು ದಿನ ನಾಟಕಮಂದಿರದ ಪರದೆಗೆಂದು ಮಖಮಲ್ ಕತ್ತರಿಸಿದಳು. ಮಖಮಲ್ಲಿನ ನವಿರು, ಅದರ ಮೇಲಿನ ಮೃದು ರೋಮ, ಒಂದೇ ದಿಕ್ಕಿಗೆ ಬಾಗಿರುತ್ತದೆ. ಒಂದು ಪಟ್ಟಿ ತಲೆಕೆಳಗಾದರೂ ದೀಪದಲ್ಲಿ ಬಣ್ಣ ಬೇರೆ ಕಾಣುತ್ತದೆ. ಕಣ್ಣು ಮಂಜಾಗಿದ್ದ ಅಕ್ಕ ಒಂದು ಪಟ್ಟಿಯನ್ನು ತಲೆಕೆಳಗಾಗಿ ಕತ್ತರಿಸಿದಳು.

"ಹೊಸ ಬಟ್ಟೆ ತರಿಸ್ತೀನಿ ಅಕ್ಕ," ಎಂದ ಮಾಲೀಕ. "ಇನ್ನೊಂದ್ಸಲ ಹಿಂಗಾದ್ರೆ ಪರದೆಗೆ ಬೇರೆ ಕೈ ನೋಡ್ಬೇಕಾಗುತ್ತೆ."

ಬೇರೆ ಕೈ. ಅಕ್ಕ ಮನೆಗೆ ಬಂದು, ಆದದ್ದನ್ನು ಹೇಳಿ, ಮುಸುಕು ಹಾಕಿಕೊಂಡು ಮಲಗಿದಳು. ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಅವಳು ಮುಸುಕು ಎಳೆದಳು.

"ಮಾತ್ರೆ ತಗೊಂಡ್ಯಾ ಅತ್ತಿಗೆ?"

"ಅರ್ಧ. ಕೊನೇಗೆ. ತಾಳಿದವನು ಬಾಳಿಯಾನು ಅಂತಾರಲ್ಲ."

"ತಾಳಿ ತಾಳಿ ಮಖಮಲ್ ತಲೆಕೆಳಗಾಯ್ತು. ಬಾಳಿದ್ದು ಯಾರು?"

ಅಕ್ಕ ಮುಸುಕನ್ನು ಮತ್ತೆ ಎಳೆದುಕೊಂಡಳು.

"ಬೆಂಕಿ ಹತ್ತಿದ್ರೆ ಯಾವಾಗ ನೀರು ಹಾಕ್ತೀಯ? ಸೂರು ಬಿದ್ಮೇಲಾ? ಈ ಮಾತ್ರೆ ನೋವು ಶುರುವಾದ ಕೂಡ್ಲೇ ತಗೊಂಡ್ರೆ ಚೆನ್ನಾಗಿ ಕೆಲ್ಸ ಮಾಡುತ್ತೆ. ಬರೆದಷ್ಟು ಪೂರ್ತಿ. ಇನ್ನು ಆ ಡಬ್ಬಿ ಇದೆಯಲ್ಲ, ದಿನಾ ನೋವಿನ ಮಾತ್ರೆ ನುಂಗ್ತಿದ್ರೆ ಅದೇ ತಲೆನೋವು ಹುಟ್ಟಿಸುತ್ತೆ."

"ಮದ್ದೇ ನೋವು ತರುತ್ತಾ? ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು."

"ನನ್ನ ನಂಬಬೇಡ. ನಡಿ, ಡಾಕ್ಟರನ್ನೇ ಕೇಳು."

ಡಾಕ್ಟರ ಮುಂದೆ ಅಕ್ಕ ಡಬ್ಬಿಯ ವಿಷಯವನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ರಕ್ತದೊತ್ತಡ ನೋಡಿದರು. ಹೃದಯದ ತೊಂದರೆ ಇದೆಯಾ, ಬೇರೆ ಔಷಧಿ ಏನೇನು, ಬಸುರಿಯಾ ಎಂದೆಲ್ಲ ಕೇಳಿದರು. ಡಬ್ಬಿಯ ಮಾತ್ರೆ ಬಿಡಿಸಿದರು. ಬಿಟ್ಟ ಹೊಸತರಲ್ಲಿ ನೋವು ಹೆಚ್ಚಾಗಬಹುದು, ಹೆದರಬೇಡ ಎಂದರು. ಮೊದಲ ಮಾತ್ರೆ ಕೆಲಸ ಮಾಡಲಿಲ್ಲವೆಂದು ತಾನಾಗಿಯೇ ಎರಡನೆಯದನ್ನು ನುಂಗಬಾರದು, ಮಂಪರಿದ್ದಾಗ ಯಂತ್ರ ಮುಟ್ಟಬಾರದು ಎಂದೂ ಹೇಳಿದರು. ಅವರು ಹೇಳಿದಂತೆಯೇ ಕೆಲವು ದಿನ ನೋವು ಹೆಚ್ಚಾಯಿತು. ಆಮೇಲೆ ಇಳಿಯಿತು.

ಹೊಸ ಮಖಮಲ್ ಬಂತು. ಮೇಜಿನ ಮೇಲೆ ಹರಡಿದ ಬೆಳಿಗ್ಗೆಯೇ ಅಕ್ಕನ ಬಲಗಣ್ಣಿನ ಹಿಂದೆ ಮಿಡಿತ ಶುರುವಾಯಿತು. ಹಿಂದೆಯಾಗಿದ್ದರೆ ಹಲ್ಲು ಕಚ್ಚಿ ಗೆರೆ ಎಳೆಯುತ್ತಿದ್ದಳು. ಈಗ ಕತ್ತರಿ ಕೆಳಗಿಟ್ಟು, ಇಡೀ ಮಾತ್ರೆ ನುಂಗಿದಳು.

"ತಲೆ ತಿಳಿಯಾಗೋವರೆಗೂ ಕತ್ತರಿ ಮುಟ್ಟಲ್ಲ," ಎಂದಳು ಮಾಲೀಕನಿಗೆ. "ಗೋದಾಮಿನಲ್ಲಿ ದೀಪ ಆರಿಸಿ ಮಲಗ್ತೀನಿ."

ಮಾಲೀಕ ಮಖಮಲ್ ನೋಡಿದ, ಅವಳ ಮುಖ ನೋಡಿದ. "ಮಲಕ್ಕೋ," ಎಂದ.

ಬಾಗಿಲಲ್ಲಿ ಇಸ್ತ್ರಿ ಮಾವ ಕೈಯೊಡ್ಡಿ ನಿಂತಿದ್ದ. ಕಾರ್ಖಾನೆಯ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಹಿರಿಯ.

"ಅದರಲ್ಲಿ ನನಗೂ ಒಂದು ಬಿಸಾಕು ತಾಯಿ. ತಲೆ ಭಾರ."

"ಆಗಲ್ಲ ಮಾವ."

"ನೂಲು ಹಂಚ್ಕೋತೀವಿ, ಬುತ್ತಿ ಹಂಚ್ಕೋತೀವಿ. ಒಂದು ಮಾತ್ರೆಗೆ ಇಷ್ಟು ಜಿಪುಣತನ?"

"ನಿಮ್ಮ ಹೃದಯಕ್ಕೆ ಸ್ಟೆಂಟ್ ಹಾಕಿಲ್ವಾ? ಇದು ರಕ್ತನಾಳ ಬಿಗಿ ಮಾಡೋ ಮಾತ್ರೆ ಅಂತ ಡಾಕ್ಟರು ಹೇಳಿದಾರೆ. ನನಗೆ ಮದ್ದು, ನಿಮಗೆ ಕಂಟಕ. ನನ್ನ ಅಳತೆಗೆ ಹೊಲಿದ ಲಂಗ ನೀವು ತೊಡ್ತೀರಾ?"

ಹೊಲಿಗೆ ಯಂತ್ರಗಳೆಲ್ಲ ನಿಂತು ನಕ್ಕವು. ಮಾವ ಮುಖ ಊದಿಸಿಕೊಂಡೇ ತನ್ನ ಡಾಕ್ಟರ ಬಳಿ ಹೋದ. ರಕ್ತದೊತ್ತಡ ಏರಿತ್ತು. ಮರುದಿನ ಗುಂಡಿ ಡಬ್ಬಿಯಿಂದ ಮಾತ್ರೆಗಳನ್ನು ಆರಿಸಿ ತೆಗೆದವನು ಅವನೇ.

ಅಂದು ಗೋದಾಮಿನಲ್ಲಿ ಅಕ್ಕ ಎದ್ದಾಗ ತಲೆ ಹತ್ತಿಯಷ್ಟು ಹಗುರ, ಮಂಪರೂ ಇಲ್ಲ. ಅಂಗೈಯಿಂದ ನವಿರು ಸವರಿ ದಿಕ್ಕು ನೋಡಿದಳು. ಕತ್ತರಿ ಎತ್ತಿಕೊಂಡಳು. ಒಂದು ಪಟ್ಟಿಯೂ ತಪ್ಪಲಿಲ್ಲ.

ನಾಟಕಮಂದಿರದಲ್ಲಿ ದೀಪ ಹತ್ತಿದಾಗ ಪರದೆ ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣದಲ್ಲಿ ಹೊಳೆಯಿತು. ನಾಟಕ ನೋಡಲು ಜೊತೆಗೆ ಬಂದಿದ್ದ ಗಂಡ ಅಕ್ಕನ ಕಿವಿಯ ಬಳಿ ಬಾಗಿದ.

"ಇದನ್ನ ಕತ್ತರಿಸಿದ್ದು ಯಾರು ಅಂತ ಪಕ್ಕದವರಿಗೆ ಹೇಳ್ಲಾ?"

"ಸುಮ್ನಿರಿ," ಎಂದಳು. ಪರದೆಯನ್ನು ಇನ್ನೊಮ್ಮೆ ನೋಡಿದಳು. "ಹೇಳಿ."

ಓದಿದವರೇ, ನಿಮ್ಮ ಮನೆಯಲ್ಲೂ ಒಂದು ಗುಂಡಿ ಡಬ್ಬಿ ಇರಬಹುದು. ಇವತ್ತೇ ತೆರೆದು ನೋಡಿ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ತಲೆನೋವಿನ ಮಾತ್ರೆ ಬೇಕಾಗುತ್ತಿದ್ದರೆ ಡಾಕ್ಟರನ್ನು ಕಾಣಿ. ಎಂದೂ ಬರದಂಥ ನೋವು ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಮಾತ್ರೆ ನುಂಗಿದ ಮೇಲೆ ಎದೆ ಬಿಗಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಡಾಕ್ಟರು ಬರೆದ ಮಾತ್ರೆ ನಿಮ್ಮ ಅಳತೆಗೆ ಹೊಲಿದದ್ದು. ಹೊತ್ತಿಗೆ ಸರಿಯಾಗಿ, ಬರೆದಷ್ಟೇ ನುಂಗಿ. ಇನ್ನೊಬ್ಬರಿಗೆ ತೊಡಿಸಬೇಡಿ.