ಮೀನಂಗಡಿಯ ಮುಂದೆ ಬಿದ್ದ ಮುದುಕ

"ನೋಡಿಲ್ಲಿ, ವಯಸ್ಸಾದೋರು ಅಂತಾನೂ ನೋಡದೆ ಹೆಂಗೆ ದಬ್ಬಿದಾವೆ ಜಿರಲೆಗಳು!" ಎಂದು ಕಿನ್‌ಶಿಂಗ್ ಮೊಬೈಲನ್ನು ಹೆಂಡತಿಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಮುಸುಕು ಹಾಕಿಕೊಂಡು ಸರ್ಕಾರದ ವಿರುದ್ಧ ಹಾಂಗ್‌ಕಾಂಗಿನ ಬೀದಿಗಿಳಿದಿದ್ದ ಹುಡುಗರನ್ನು ಅವನು ಬೇಸಿಗೆಯಿಂದಲೂ ಬೇರೆ ಹೆಸರಿನಿಂದ ಕರೆದವನಲ್ಲ.

ಪೂಯ್‌ಶಾನ್ ಸೊಪ್ಪು ತೊಳೆಯುತ್ತಿದ್ದಳು. ಒದ್ದೆ ಕೈ ಎತ್ತಿಕೊಂಡೇ ನೋಡಿದಳು. ಟಿವಿ ಸುದ್ದಿಯ ತುಣುಕು. ಶಾಮ್ ಶುಯಿ ಪೋ ಮಾರುಕಟ್ಟೆಯ ಬೀದಿ, ಹೊಗೆ. ಮುಸುಕಿನ ಹುಡುಗನೊಬ್ಬನ ಕೈ ಒಬ್ಬ ಮುದುಕನ ಬೆನ್ನ ಮೇಲೆ. ಮರುಕ್ಷಣ ಮುದುಕ ನೆಲದ ಮೇಲೆ. ಮುಖವನ್ನು ಟಿವಿಯವರು ಮಸುಕು ಮಾಡಿದ್ದರು. ಅವಳು "ಅಯ್ಯೋ ಪಾಪ" ಅನ್ನುವಷ್ಟರಲ್ಲಿ ಕಿನ್‌ಶಿಂಗ್ ಅದನ್ನು ಮನೆಮಂದಿಯ ವಾಟ್ಸಾಪ್ ಗುಂಪಿಗೂ ತನ್ನ ಬಸ್ ಡಿಪೋದ ಗುಂಪಿಗೂ ದಾಟಿಸಿಯಾಗಿತ್ತು.

ಉತ್ತರ ಕೂಡಲೇ ಬಂತು. ಅವಳ ತಮ್ಮ ಚುನ್‌ಹಿನ್ ಕಳಿಸಿದ್ದು ಬೇರೆಯ ತುಣುಕು. ಕಾಲ್ಸೇತುವೆಯ ಮೇಲಿಂದ ಯಾವನೋ ವಿದ್ಯಾರ್ಥಿ ತೆಗೆದದ್ದು. ಹೆಲ್ಮೆಟ್ ಹಾಕಿದ ಪೊಲೀಸನೊಬ್ಬ ಅದೇ ಮುದುಕನ ತೋಳು ಹಿಡಿದು ಎಳೆಯುತ್ತಿದ್ದ. ಮೇಲಿಂದ ಮುದುಕನ ಮುಖ ಕಾಣುತ್ತಿರಲಿಲ್ಲ. "ಭಾವ, ಆ ಚಾನೆಲ್ ನೋಡೀ ನೋಡೀ ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ಇದು ಪೊಲೀಸರ, ಆ ನಾಯಿಗಳ ಕೆಲಸ. ನಾಲ್ಕು ಜನಕ್ಕೆ ಕಳಿಸಿ, ಪುಣ್ಯ ಬರುತ್ತೆ."

ಆಮೇಲೆ ಬೆಳಗಿಡೀ ಅದೇ. ಕಿನ್‌ಶಿಂಗ್ ಹುಡುಗನ ಕೈಗೆ ಕೆಂಪು ವೃತ್ತ ಬರೆದು ಹಾಕಿದರೆ ಚುನ್‌ಹಿನ್ ಪೊಲೀಸನ ಕೈಗೆ ಬಾಣದ ಗುರುತು ಹಾಕಿ ಕಳಿಸಿದ. ಪೂಯ್‌ಶಾನ್ ಇಬ್ಬರಿಗೂ ಮೆಚ್ಚುಗೆಯ ಒಂದೊಂದು ಹೆಬ್ಬೆರಳು ಒತ್ತಿದಳು. ಒತ್ತದಿದ್ದರೆ ಒಬ್ಬ ಊಟ ಬಿಡುತ್ತಿದ್ದ, ಇನ್ನೊಬ್ಬ ಮಾತು ಬಿಡುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಅವಳ ಅಪ್ಪ ಬರಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಮೀನು ತರುತ್ತೇನೆಂದು ಹೋದವರು. ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಪೂಯ್‌ಶಾನ್ ತಮ್ಮ ಕಳಿಸಿದ ತುಣುಕನ್ನು ಮತ್ತೆ ತೆರೆದಳು. ಈ ಸಲ ಅವಳು ಪೊಲೀಸನನ್ನು ನೋಡಲಿಲ್ಲ, ಹುಡುಗನನ್ನೂ ನೋಡಲಿಲ್ಲ. ಬಿದ್ದವರ ಪಕ್ಕದಲ್ಲಿ ಸಾಮಾನು ತರುವ ಚಕ್ರದ ಚೀಲವೊಂದು ಮಗುಚಿಕೊಂಡಿತ್ತು. ಹರಿದ ಅದರ ಮೂಲೆಗೆ ಹಳೆಯ ಪರದೆಯ ಹಳದಿ ತುಂಡನ್ನು ಹೊಲಿದುಕೊಟ್ಟವಳು ಅವಳೇ.

"ಇದು ಅಪ್ಪ," ಎಂದಳು.

"ಯಾರಪ್ಪ?" ಎಂದ ಕಿನ್‌ಶಿಂಗ್. ಅವನ ಬೆರಳು ಇನ್ನೂ ಟೈಪ್ ಮಾಡುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಅವಳ ಅಪ್ಪ, ಮುದುಕ ಮಾಕ್, ತಲೆಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಸೊಂಟದ ಮೂಳೆ ಮುರಿದಿತ್ತು. ಮಗನೂ ಅಳಿಯನೂ ಮಂಚದ ಎರಡು ಕಡೆ ನಿಂತು ಕಣ್ಣು ಒರೆಸಿಕೊಂಡರು. ನಿಜವಾಗಿಯೇ ಅತ್ತರು. ಆದರೆ ವಾರ್ಡಿಗೆ ಬರುವ ಮೊದಲೇ ಇಬ್ಬರೂ 'ಆ ವಿಡಿಯೋದಲ್ಲಿರುವವರು ನಮ್ಮ ತಂದೆ' ಎಂದು ತಂತಮ್ಮ ಪುಟದಲ್ಲಿ ಬರೆದಿದ್ದರು. ಅದು ಅದಾಗಲೇ ಸಾವಿರಾರು ಕೈ ದಾಟಿತ್ತು.

"ಆ ಪೊಲೀಸನ ನಂಬರ್ ಏನಾದ್ರೂ ಕಂಡಿತಾ ಅಪ್ಪ?"

"ಮೊದಲು ನೂಕಿದ್ದು ಯಾರು, ಅದನ್ನ ಹೇಳಿ ಮಾವ."

ಮುದುಕರು ಇಬ್ಬರನ್ನೂ ನೋಡಿದರು. "ಯಾರೂ ನೂಕ್ಲಿಲ್ಲಪ್ಪ. ಮೀನಂಗಡಿಯೋನು ಚೆಲ್ಲಿದ ನೀರಲ್ಲಿ ಕಾಲು ಜಾರ್ತು. ಮುಸುಕಿನ ಹುಡುಗ ಬೆನ್ನಿಗೆ ಕೈ ಕೊಟ್ಟ. ಆದ್ರೂ ಕೂತುಬಿಟ್ಟೆ. ಅಷ್ಟರಲ್ಲಿ ಪೊಲೀಸಿನೋನು ಬಂದು ತೋಳು ಹಿಡಿದು ಎತ್ತಿದ. ಅರ್ಧ ಎದ್ದಿದ್ದೆ. ಅವರಿಬ್ರೂ ಮುಖ ಮುಖ ನೋಡ್ಕೊಂಡ್ರು ನೋಡು, ನನ್ನ ಬಿಟ್ಟು ಹೊಡೆದಾಟಕ್ಕೆ ನಿಂತ್ರು. ಆಗ ತಲೆ ನೆಲಕ್ಕೆ ಬಡೀತು."



"ತಲೆಗೆ ಪೆಟ್ಟು ಬಿದ್ದಿದೆ ಮಾವ, ಈಗ ಇದೆಲ್ಲ ಬೇಡ," ಎಂದ ಕಿನ್‌ಶಿಂಗ್.

"ಹೌದಪ್ಪ, ನಿಮಗೆ ಸರಿಯಾಗಿ ನೆನಪಿಲ್ಲ," ಎಂದ ಚುನ್‌ಹಿನ್. "ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ನಿ."

ಬೇಸಿಗೆಯಿಂದೀಚೆಗೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಅವರು ಹೋದ ಮೇಲೆ ಪೂಯ್‌ಶಾನ್ ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿಟ್ಟು, ವಿಡಿಯೋ ಚಾಲೂ ಮಾಡಿ, "ಇನ್ನೊಂದ್ಸಲ ಹೇಳಿ ಅಪ್ಪ," ಎಂದಳು. ಅವರು ಹೇಳಿದರು. ಕೊನೆಯಲ್ಲಿ, "ಇಬ್ರೂ ಒಳ್ಳೇ ಮಕ್ಕಳೇ. ಯಾರಿಗೂ ತೊಂದರೆ ಕೊಡಬೇಡಿ," ಎಂದೂ ಸೇರಿಸಿದರು. ತಾನು ಕೆಲಸ ಮಾಡುವ ಬೇಕರಿಯ ಕೇಕುಗಳ ಹೊರತು ಮತ್ತೇನನ್ನೂ ಹಾಕಿರದ ತನ್ನ ಪುಟಕ್ಕೆ ಅವಳು ಅದನ್ನು ಏರಿಸಿದಳು. ಏರಿಸುವಾಗ ಮನಸ್ಸು ಹಗುರಾಗಿತ್ತು.

ಮುದುಕನ ಬಾಯಿಗೆ ಪೊಲೀಸರು ಮಾತು ತುರುಕಿದ್ದಾರೆ ಎಂದರು ಒಂದು ಕಡೆಯವರು. ಪುಂಡರಿಗೆ ಹೆದರಿ ಸುಳ್ಳು ಹೇಳಿಸಿದ್ದಾಳೆ ಮಗಳು ಎಂದರು ಇನ್ನೊಂದು ಕಡೆಯವರು. ಟಿವಿಯವರು ವಿಡಿಯೋದ ಅರ್ಧ ತೋರಿಸಿದರು. ಹುಡುಗರ ಪರ ಬೀದಿಯಲ್ಲಿ ನಿಂತು ಸುದ್ದಿ ಮಾಡುವವರು ಇನ್ನರ್ಧ. ಬೇಕರಿಯ ಗಾಜಿನ ಮೇಲೆ ಯಾರೋ ಅವಳ ಫೋಟೋ ಅಂಟಿಸಿ ಕಣ್ಣುಗಳನ್ನು ಗೀಚಿ ಹಾಕಿದ್ದರು. ಇನ್ನು ಬರುವುದು ಬೇಡ ಎಂದು ಯಜಮಾನಿ ಫೋನಿನಲ್ಲೇ ಹೇಳಿದಳು. 'ನಮ್ಮಕ್ಕ ಗಂಡನ ಒತ್ತಡದಲ್ಲಿದ್ದಾಳೆ' ಎಂದು ಚುನ್‌ಹಿನ್ ಬರೆದ. 'ನನ್ನ ಹೆಂಡತಿಯ ತಲೆ ಕೆಡಿಸಿದ್ದು ಅವಳ ತಮ್ಮ' ಎಂದು ಕಿನ್‌ಶಿಂಗ್ ಬರೆದ. ಇಬ್ಬರಿಗೂ ಹೆಬ್ಬೆರಳುಗಳ ಸುರಿಮಳೆಯಾಯಿತು.

ಅವಳು ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ಅಪ್ಪ ಎದ್ದು ಒರಗಿ ಕೂತಿದ್ದರು. ಕನ್ನಡಕ ಆ ಬೀದಿಯಲ್ಲೇ ಪುಡಿಯಾಗಿತ್ತು.

"ನನ್ನ ಮಾತು ಜನ ಕೇಳಿದ್ರಾ?"

"ತುಂಬಾ ಜನ."

"ಏನಂತಾರೆ? ಓದು."

ಅವಳು ಮೊಬೈಲು ತೆಗೆದಳು. 'ಈ ಹೆಣ ಅಲ್ಲೇ ಬಿದ್ದು ಸಾಯಬೇಕಿತ್ತು' ಎಂದು ಮೊದಲನೆಯವನು ಬರೆದಿದ್ದ.

"ಬೇಗ ಗುಣವಾಗಿ ತಾತ, ಅಂತ ಬರೆದಿದಾರೆ," ಎಂದಳು.

"ಆಮೇಲೆ?"

ಅವಳು ಕೆಳಗೆ ಸರಿಸಿದಳು, ಇನ್ನೂ ಕೆಳಗೆ. ಎಲ್ಲವೂ ಬೈಗುಳವೇ. "ತೈ ಪೋದಲ್ಲಿ ಒಬ್ಬಳು ಹೆಂಗಸು ಅಂತೆ. ಮೂಳೆ ಕೂಡಲಿಕ್ಕೆ ಒಳ್ಳೇದು, ಪಪ್ಪಾಯಿ ಹಾಕಿ ಮೀನಿನ ಸಾರು ಮಾಡ್ಕೊಂಡು ಬರ್ತೀನಿ ಅಂತಿದಾಳೆ."

ಮುದುಕರ ಮುಖ ಅರಳಿತು. "ಛೆ, ಅಷ್ಟು ದೂರದಿಂದ ಯಾಕೆ? ಬೇಡಮ್ಮ ಅಂತ ಬರಿ. ಈ ಗಲಾಟೆಯಲ್ಲಿ ರೈಲು ಹತ್ತಬೇಡ ಅನ್ನು. ಬರೆದ್ಯಾ?"

"ಬರೀತಿದೀನಿ," ಎಂದು ಪೂಯ್‌ಶಾನ್ ಆರಿಹೋದ ಮೊಬೈಲಿನ ಗಾಜಿನ ಮೇಲೆ ಹೆಬ್ಬೆರಳನ್ನು ಆಡಿಸುತ್ತ ಕೂತಳು.