ಹೆಗಲ ಮೇಲಿನ ಕಂಬಳಿ

ಹಿಂಡಿನಲ್ಲಿ ಒಂದು ಕುರಿಗೂ ಗಾಯವಿರಲಿಲ್ಲ, ಆದರೂ ಗಾಯಕ್ಕೆ ಹಚ್ಚುವ ನೇರಳೆ ಔಷಧದ ಬಾಟಲಿ ಮೂರೇ ದಿನದಲ್ಲಿ ಅರ್ಧಕ್ಕಿಳಿದಿತ್ತು. ಔರಾದದ ಧೊಂಡಿಬಾನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಭಾಲ್ಕಿ ಹತ್ತಿರದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಆ ಬೆಳಿಗ್ಗೆ ಅವನು ಮಗ ಅಮೋಲನ ಹಣೆ ಮುಟ್ಟಿ ನೋಡಿದ. ಕೆಂಡದಂತೆ ಸುಡುತ್ತಿತ್ತು.

ಅಮೋಲ್ ಇನ್ನು ಮುಚ್ಚಿಡಲಿಲ್ಲ. ಹುಟ್ಟಿದಾಗ ಮನೆಯವರು ಅವನನ್ನು ಹೆಣ್ಣೆಂದುಕೊಂಡಿದ್ದರು. ಹೈದರಾಬಾದಿನಲ್ಲಿ ಹಂತಹಂತವಾಗಿ ಆಪರೇಷನ್ ಮಾಡಿಸಿಕೊಂಡ ಮೇಲೆ ಮೈ ಅವನದಾಗಿತ್ತು. ಎರಡು ತಿಂಗಳ ಹಿಂದೆ ಕೊನೆಯದಾಗಿ, ಹೊಸದಾಗಿ ರೂಪಿಸಿದ ಶಿಶ್ನದೊಳಗೆ ಅದು ನಿಮಿರಲೆಂದು ಇಂಪ್ಲಾಂಟ್ ಕೂಡಿಸಿದ್ದರು. ಈಗ ಅದೇ ಜಾಗ ಊದಿ, ಕೆಂಪಾಗಿ, ಕೀವು ಒಸರುತ್ತಿತ್ತು. ಡಾಕ್ಟರ ಬಳಿ ಹೋದರೆ ತೆಗೆದುಬಿಡುತ್ತಾರೆ, ತೆಗೆದರೆ ತಾನು ಗಂಡಸಾಗಿ ಉಳಿಯುವುದಿಲ್ಲ ಎಂದು ಹೆದರಿ, ಕುರಿಯ ಔಷಧ ಹಚ್ಚಿಕೊಂಡು ಕೂತಿದ್ದ ಪುಣ್ಯಾತ್ಮ.

ಧೊಂಡಿಬಾ ಬೈಯಲಿಲ್ಲ. ಹಿಂಡನ್ನು ಹೆಂಡತಿ ಗಂಗುಬಾಯಿಗೆ ಒಪ್ಪಿಸಿ, ಮಗನನ್ನು ಬೀದರಿನ ಬಸ್ಸು ಹತ್ತಿಸಿದ.

ಬೀದರಿನಲ್ಲಿ ಡಾಕ್ಟರ್ ಮುಸರ್ರತ ಗಾಯ ನೋಡಿ, ಹೈದರಾಬಾದಿನ ಸರ್ಜನ್ ಜೊತೆ ಫೋನಿನಲ್ಲಿ ಮಾತಾಡಿ, ಸೋಂಕು ಒಳಗಿಳಿದಿದೆ, ಇಂಪ್ಲಾಂಟ್ ಇಂದೇ ತೆಗೆಯಬೇಕು ಎಂದರು. ಇಂಥದ್ದು ಹಲವರಿಗೆ ಆಗುತ್ತದೆ, ಆದದ್ದು ನಿನ್ನ ತಪ್ಪಲ್ಲ, ತಡಮಾಡಿದ್ದು ಮಾತ್ರ ತಪ್ಪು ಎಂದೂ ಹೇಳಿದರು. ಈಗ ತೆಗೆದರೆ ಉಳಿದದ್ದೆಲ್ಲ ಉಳಿಯುತ್ತದೆ. ಪೂರ್ತಿ ಮಾಯ್ದ ಮೇಲೆ, ಆರು ತಿಂಗಳಿಗೋ ಏನೋ, ಮತ್ತೆ ಕೂಡಿಸಲು ನೋಡಬಹುದು.

ಅಮೋಲನ ಕಿವಿಗೆ ಬಿದ್ದದ್ದು ತೆಗೆಯಬೇಕು ಎಂಬುದಷ್ಟೇ. ಹೆಗಲ ಮೇಲಿನ ಕಂಬಳಿಯನ್ನು ಮಡಚಿ ಅಪ್ಪನ ಮುಂದೆ ಹಿಡಿದ. ಹಿಂಡು ಹೊಡೆದುಕೊಂಡು ಹೋಗುವ ಗಂಡುಮಗನ ಹೆಗಲಿಗೆ ಅವರ ಮನೆಯಲ್ಲಿ ಅಪ್ಪನೇ ಹಾಕುವ ಕಂಬಳಿ ಅದು.

“ಇದು ನಿಮ್ಮ ಕಡೀನೇ ಇರಲಿ ಅಪ್ಪಾ.”

ಧೊಂಡಿಬಾ ಕಂಬಳಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದ. “ಇದು ನಿನ್ನ ಹೆಗಲಿಗಿ ಯಾವಾಗ ಹಾಕೀನಿ, ನೆನಪ ಅದ ಏನು?”

ಅಮೋಲನಿಗೆ ನೆನಪಾಯಿತು. ದೀಪಾವಳಿಯ ದಿನ, ಕುರಿಹಟ್ಟಿಯ ಮುಂದೆ. ಮೊದಲನೇ ಆಪರೇಷನ್ನಿಗೂ ಒಂದು ವರ್ಷ ಮೊದಲು.

“ಆವಾಗ ನಾ ಯಾವ ಡಾಕ್ಟರ್‌ಗೂ ಕೇಳಿದ್ದಿಲ್ಲ,” ಎಂದ ಧೊಂಡಿಬಾ. “ಒಳಗ ಹೋಗಿ ಬಾ. ನೀ ಬರೋತನ ಇದನ್ನ ಹಿಡಕೊಂಡು ಕೂಡ್ತೇನಿ.”

ಅಮೋಲನಿಗೆ ಅಳು ಬಂತು, ಹೆದರಿಕೆ ಹೋಯಿತು. ಒಪ್ಪಿಗೆಯ ಕಾಗದಕ್ಕೆ ತಾನೇ ಸಹಿ ಹಾಕಿದ.

ಸಂಜೆ ಎಚ್ಚರವಾದಾಗ ಜ್ವರ ಇಳಿಯತೊಡಗಿತ್ತು. ಕಾಲ ಮೇಲೆ ಕಂಬಳಿ ಹೊದಿಸಿತ್ತು. ವಾರ್ಡೆಲ್ಲ ಕುರಿ ವಾಸನೆ, ತೆಗೀರಿ ಅಜ್ಜಾ ಎಂದು ನರ್ಸ್ ಗೊಣಗುತ್ತಿದ್ದಳು.

“ನಂದಲ್ಲರಿ ಅದು,” ಎನ್ನುತ್ತಿದ್ದ ಧೊಂಡಿಬಾ. “ನನ್ನ ಮಗಂದು. ಅವನಿಗೇ ಕೇಳ್ರಿ.”