ಒಂದು ನೂಲು ಉದ್ದ

ಮಾಲವಿಕಾ ಕಾಲರಿನ ಹೊಲಿಗೆಯನ್ನು ಮೂರನೇ ಸಲ ಬಿಚ್ಚುತ್ತಿದ್ದಳು. ಪಕ್ಕದಲ್ಲೇ, ತನ್ನ ಮನೆಯ ಜಗಲಿಯಲ್ಲಿ ಟೈಲರ್ ಸುಬ್ಬಣ್ಣನ ಹೆಣ. ಇಲ್ಲಿ ಅವನ ಅಂಗಡಿಯಲ್ಲಿ, ಅವನದೇ ಸ್ಟೂಲಿನ ಮೇಲೆ, ಅವನಿಗೆ ತೊಡಿಸಬೇಕಾದ ಹೊಸ ಅಂಗಿ ಹಿಡಿದು ಇವಳು. ಕಾಲರಿನ ಎಡ ತುದಿ ಬಲಗಡೆಗಿಂತ ಒಂದು ನೂಲು ಉದ್ದ. ಲೋಕದಲ್ಲಿ ಇನ್ಯಾರಿಗೂ ಕಾಣದು. ಸುಬ್ಬಣ್ಣನಿಗಾದರೆ ಕಣ್ಣು ಮುಚ್ಚಿದ್ದರೂ ಕಾಣುತ್ತದೆ.

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಆ ಅಂಗಡಿ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದು. ಆದರೆ ತಾಲ್ಲೂಕಿನ ಅರ್ಧ ಜನ ಅಲ್ಲಿ ಹೊಲಿಸಿದ ಬಟ್ಟೆಯಲ್ಲೇ ಮದುವೆಯಾದವರು; ಉಳಿದರ್ಧ ಆ ಮದುವೆಗಳಿಂದ ಹುಟ್ಟಿದವರು. ಇವತ್ತು ಅಷ್ಟೂ ಜನ ಬಂದು ನಿಂತಿದ್ದರು.

"ನನ್ನ ಹೊಟ್ಟೆ ನೋಡೇ ಅಳತೆ ಬರ್ಕೊಳ್ತಿದ್ರು ಮಾರಾಯ, ಟೇಪು ಸಾಲಲ್ಲ ಅಂತ," ಎಂದ ಹೋಟೆಲ್ ಬಸವರಾಜು, ಮೂಗೊರೆಸಿಕೊಳ್ಳುತ್ತ.

"ಸಾಲ್ತಿರ್ಲಿಲ್ಲ ಬಿಡಿ," ಎಂದಳು ಕಾಫಿ ಕೊಯ್ಯುವ ದ್ಯಾವಮ್ಮ. "ನಂಗೆ ತೋಟಕ್ಕೆ ಹಾಕ್ಕೊಂಡು ಹೋಗಾಕೆ ಕೋಟು ಹೊಲ್ದು ಕೊಟ್ಟು ಹತ್ತು ವರ್ಷ ಆಯ್ತು. ಮುಳ್ಳು ಸೋತ್ವು, ಕೋಟು ಸೋಲ್ಲಿಲ್ಲ."

*

ಐದು ವರ್ಷದ ಹಿಂದೆ ಮಾಲವಿಕಾ ಮುಂಬೈಯಲ್ಲಿ ದೊಡ್ಡ ಡಿಸೈನರ್. ಬೆನ್ನಿಗೆ ಮಲ್ಲಂದೂರಿನಲ್ಲಿ ಅಪ್ಪನ ಇನ್ನೂರು ಎಕರೆ ಕಾಫಿ. ಅವಳು ಸೀನಿದರೂ ಮೂರು ಪತ್ರಿಕೆಯಲ್ಲಿ ಫೋಟೋ. ಒಂದು ಷೋನಲ್ಲಿ, ತನ್ನ ಬಳಿ ಕೆಲಸಕ್ಕಿದ್ದ ಭುವನಾಳ ಡಿಸೈನಿಗೆ ತನ್ನ ಹೆಸರು ಹಾಕಿ ಚಪ್ಪಾಳೆ ತೆಗೆದುಕೊಂಡಳು. ಸುದ್ದಿ ಹೊರಬಿತ್ತು. ಹತ್ತು ವರ್ಷ ಏರಿದ್ದ ಹೆಸರು ಹತ್ತು ನಿಮಿಷದಲ್ಲಿ ಇಳಿಯಿತು. ಭುವನಾಳಲ್ಲಿ ಕ್ಷಮೆ ಕೇಳಿ ಊರಿಗೆ ಬಂದವಳು, ಒಂದು ದಿನ ಈ ಅಂಗಡಿಯ ಮೆಟ್ಟಿಲು ಹತ್ತಿದಳು.

"ಕೆಲಸ ಕೊಡ್ತೀರಾ ಸುಬ್ಬಣ್ಣ?"

"ಕಾಜಾ ಹಾಕೋಕೆ ಬರುತ್ತಾ ಅಮ್ಮೋರೆ?"

"ಅದನ್ನ ಬೇರೆಯೋರು ಹಾಕ್ತಿದ್ರು."

"ಹಂಗಾದ್ರೆ ಅಲ್ಲಿಂದ್ಲೇ ಶುರು ಮಾಡಿ."

ಒಂದು ವರ್ಷ ಬರೀ ಗುಂಡಿ ತೂರಿಸುವ ಕಾಜಾ. ಅವಳು ಹಾಕಿದ ಕಾಜಾಗಳನ್ನು ಸಾಲಾಗಿ ಇಟ್ಟಿದ್ದರೆ ಇಲ್ಲಿಂದ ಕಳಸದ ಪೇಟೆ ಮುಟ್ಟಿ ವಾಪಸ್ ಬರಬಹುದಿತ್ತು.

ಸುಬ್ಬಣ್ಣನದೊಂದು ಕಟ್ಟುನಿಟ್ಟಿತ್ತು. ಅಂಗಿ ಹೊಲಿದವರ ಹೆಸರಿನ ಮೊದಲ ಅಕ್ಷರವನ್ನು ಕಾಲರಿನ ಒಳಪಟ್ಟಿಯಲ್ಲಿ ಕೆಂಪು ನೂಲಿನಲ್ಲಿ ಅವನೇ ಹಾಕುತ್ತಿದ್ದ. ಅವನು ಮೆಚ್ಚಿದರೆ ಮಾತ್ರ. ಮಾಲವಿಕಾ ತನ್ನ ಮೊದಲ ಅಂಗಿಯನ್ನು ಅವನ ಅಳತೆಗೇ ಹೊಲಿದಳು. ಅವನು ಬೆಳಕಿಗೆ ಹಿಡಿದು ನೋಡಿದ.

"ಎಡ ತುದಿ ಒಂದು ನೂಲು ಉದ್ದ. ಮಿಷನ್ ಒರೆಸೋಕಾಯ್ತು ಬಿಡಿ."

ಮುಂದೆ ಬೆಂಗಳೂರಿನಲ್ಲಿ ಅವಳ ಹೊಸ ಷೋ ಆಯಿತು. ಎಲ್ಲ ದ್ಯಾವಮ್ಮನ ಕೋಟಿನ ಮಾದರಿಯ ಉಡುಪುಗಳು, ಒಂದೊಂದಕ್ಕೂ ಹೊಲಿದವರ ಹೆಸರು. ಚಪ್ಪಾಳೆಗೆ ಸಭಾಂಗಣದ ಮಾಡು ಹಾರಿಹೋಗುವುದೊಂದು ಬಾಕಿ. ಆದರೆ ಆ ಕೆಂಪು ಅಕ್ಷರ ಮಾತ್ರ ಅವಳಿಗೆ ಸಿಗಲೇ ಇಲ್ಲ. ನಿನ್ನೆ ಸಂಜೆ ಸುಬ್ಬಣ್ಣ ತೀರಿಕೊಂಡ.

*

ಸುಬ್ಬಣ್ಣನ ಹೆಂಡತಿ ಶಂಕರಮ್ಮ ಬಾಗಿಲಿಗೆ ಬಂದಳು. "ಸ್ನಾನ ಮಾಡ್ಸಿ ಆಯ್ತು ತಾಯಿ."

"ಹತ್ತೇ ನಿಮಿಷ ಅಕ್ಕ. ಈ ತುದಿಯೊಂದು..."

"ಅದು ಬಿಡಿ. ಯಾವ್ದು ಹಾಕ್ಬೇಕು ಅಂತ ಅವ್ರೇ ಹೇಳಿದ್ರು."

ಕಂಕುಳಲ್ಲಿದ್ದ ಅಂಗಿಯನ್ನು ಬಿಡಿಸಿದಳು. ಮಾಲವಿಕಾಳ ಮೊದಲ ಅಂಗಿ, ಆ ಮಿಷನ್ ಒರೆಸೋ ಬಟ್ಟೆ! ಒಂದು ಹನಿ ಎಣ್ಣೆ ಕಲೆ ಇರಲಿಲ್ಲ.

"ಹೊಸ ಬಟ್ಟೆ ಅಲ್ವಾ ಹಾಕೋದು?" ಎಂದ ಬಸವರಾಜು.

"ಪಂಚೆ ಹೊಸದು. ಅಂಗಿ ಇದೇ. ಮೂರು ವರ್ಷ ಪ್ರತಿ ಭಾನುವಾರ ಮನೇಲಿ ಇದನ್ನೇ ಹಾಕ್ಕೊಂಡ್ರು. ಕಾಲರ್ ಸವೆದಾಗ ಬಿಚ್ಚಿ, ಮಗುಚಿ ಹೊಲ್ಕೊಂಡ್ರು. ಬೇರೆ ಅಂಗಿ ಇಲ್ವಾ ಅಂತ ಬೈದೆ. 'ಈ ಸೊಟ್ಟ ಬೇರೆಲ್ಲೂ ಸಿಗಲ್ಲ ಕಣೇ' ಅಂದ್ರು."

ಮಾಲವಿಕಾ ಒಳಪಟ್ಟಿ ನೋಡಿದಳು. ಕೆಂಪು ನೂಲಿನಲ್ಲಿ 'ಮಾ'. ಒಗೆದೊಗೆದು ಬಣ್ಣ ಮಾಸಿತ್ತು.

ಜಗಲಿಯಲ್ಲಿ ಅವನಿಗೆ ಅಂಗಿ ತೊಡಿಸಿ, ಗುಂಡಿಗಳನ್ನು ಅವಳೇ ಹಾಕಿದಳು, ಕೆಳಗಿನಿಂದ ಒಂದೊಂದಾಗಿ, ಕತ್ತಿನವರೆಗೆ. ಮಗುಚಿ ಹೊಲಿದಿದ್ದರಿಂದ ಎಡ ತುದಿ ಈಗ ಬಲಗಡೆಗೆ ಬಂದಿತ್ತು. ಬಿಚ್ಚಿದವನು ಅದನ್ನು ಸರಿ ಮಾಡಬಹುದಿತ್ತು. ಮಾಡಿರಲಿಲ್ಲ. ಇನ್ನೂ ಒಂದು ನೂಲು ಉದ್ದವೇ ಇತ್ತು.